ಆಪ್ಟ್ ಇನ್‌ಸ್ಟಾಲ್ ಕೊಟ್ಟರೆ ಇದ್ದ ಪ್ಯಾಕೇಜುಗಳೂ ಅಪ್‌ಗ್ರೇಡ್ ಆಗುತ್ತಿವೆ, ಇದು ಸರಿಯಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಹಾಜರಾತಿ ಮತ್ತು ಫೀಸ್ ಸಾಫ್ಟ್‌ವೇರ್ ಡೆಬಿಯನ್ 12 ಎಂಬ ಲಿನಕ್ಸ್ ಸಿಸ್ಟಂ ಮೇಲೆ ಓಡುತ್ತಿದೆ, ಅದರಲ್ಲಿ ಪ್ಯಾಕೇಜು ಹಾಕುವ ಸಾಧನ ಆಪ್ಟ್. ಪಿಎಚ್‌ಪಿ 8.2, ಎಂಜಿನ್‌ಎಕ್ಸ್, ಮಾರಿಯಾಡಿಬಿ, ಅಷ್ಟೇ. ಐಡಿ ಕಾರ್ಡಿನ ಫೋಟೊ ಸಣ್ಣದು ಮಾಡುವುದಕ್ಕೆ ಜಿಡಿ ಎಕ್ಸ್‌ಟೆನ್ಶನ್ ಬೇಕಾಗಿತ್ತು. ಸಾಫ್ಟ್‌ವೇರ್ ಮಾಡಿಕೊಟ್ಟವರು ಅದಕ್ಕೆ ಒಂದು ಸ್ಕ್ರಿಪ್ಟ್ ಕಳಿಸಿದ್ದರು. ಒಳಗೆ ಇದ್ದದ್ದು ಒಂದೇ ಸಾಲು: 'ಆಪ್ಟ್-ಗೆಟ್ ಇನ್‌ಸ್ಟಾಲ್ -ವೈ ಪಿಎಚ್‌ಪಿ8.2-ಜಿಡಿ'.

ಕೇಳಿದ್ದು ಒಂದೇ ಪ್ಯಾಕೇಜು. ಅದು ಪಿಎಚ್‌ಪಿ ಕಾಮನ್, ಸಿಎಲ್‌ಐ, ಎಫ್‌ಪಿಎಂ, ಮೈಎಸ್‌ಕ್ಯೂಎಲ್ ಎಲ್ಲವನ್ನೂ ಹೊಸ ವರ್ಷನ್ನಿಗೆ ಏರಿಸಿತು. ಜೊತೆಗೆ ವೆಬ್ ಪುಟಗಳಿಗೆ ಪಿಎಚ್‌ಪಿ ಓಡಿಸುವ ಎಫ್‌ಪಿಎಂ ರೀಸ್ಟಾರ್ಟ್ ಕೂಡ ಆಯಿತು. ಅವತ್ತು ಪರೀಕ್ಷಾ ಶುಲ್ಕ ಕಟ್ಟುವ ಕೊನೇ ದಿನ, ಕೌಂಟರಿನ ಮುಂದೆ ಉದ್ದ ಕ್ಯೂ. ಸ್ಕ್ರೀನಿನಲ್ಲಿ 502 ಎರರ್ ಬಂತು. ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಸರಿ ಹೋಯಿತು ನಿಜ, ಆದರೆ ಆ ಹೊತ್ತಿನಲ್ಲಿ ದುಡ್ಡು ಕಟ್ಟಿದವರ ರಸೀದಿ ಬರಲಿಲ್ಲ.

ನನ್ನ ಪ್ರಶ್ನೆ: ಇನ್‌ಸ್ಟಾಲ್ ಎಂದರೆ ಇಲ್ಲದ್ದನ್ನು ತಂದು ಹಾಕುವುದು ಅಲ್ವಾ? ಅಪ್‌ಗ್ರೇಡಿಗೆ ಬೇರೆ ಕಮಾಂಡ್ ಇದೆ. ಇದ್ದದ್ದನ್ನು ಮುಟ್ಟದೆ ಹೊಸದನ್ನು ಮಾತ್ರ ಹಾಕಲು ಏನು ದಾರಿ?

ಕಪ್ಪುಪರದೆ
/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್ ತೆಗೆದು ಆ ದಿನದ್ದು ಇಲ್ಲಿ ಹಾಕಿ ಸರ್. ನೋಡದೆ ಹೇಳುವುದು ಕಷ್ಟ.

ತುಂಗಾತೀರ
ಹಾಕುತ್ತಿದ್ದೇನೆ, ಮುಖ್ಯವಾದದ್ದು ಮಾತ್ರ.
ಇನ್‌ಸ್ಟಾಲ್ ಎಂಬ ಸಾಲಿನಲ್ಲಿ: ಪಿಎಚ್‌ಪಿ8.2-ಜಿಡಿ. ಅದರ ಪಕ್ಕ ಲಿಬ್‌ಜಿಡಿ3 ಮತ್ತು ಇನ್ನೊಂದಿಷ್ಟು ಲೈಬ್ರರಿಗಳು, ಅವುಗಳ ಮುಂದೆ 'ಆಟೊಮ್ಯಾಟಿಕ್' ಎಂದಿದೆ.
ಅಪ್‌ಗ್ರೇಡ್ ಎಂಬ ಸಾಲಿನಲ್ಲಿ: ಪಿಎಚ್‌ಪಿ8.2-ಕಾಮನ್, ಸಿಎಲ್‌ಐ, ಎಫ್‌ಪಿಎಂ, ಮೈಎಸ್‌ಕ್ಯೂಎಲ್, ಒಪಿಕ್ಯಾಶ್, ರೀಡ್‌ಲೈನ್. ಎಲ್ಲವೂ 8.2.28ರಿಂದ 8.2.29ಕ್ಕೆ.

ಸಹ್ಯಾದ್ರಿ_ಸಿಸ್ಟಂ
ಈಗ ಗೊತ್ತಾಯಿತು. ಇದು ಆಪ್ಟ್ ತನ್ನಿಷ್ಟಕ್ಕೆ ಮಾಡಿದ್ದಲ್ಲ ಸರ್. 'ಆಪ್ಟ್ ಶೋ ಪಿಎಚ್‌ಪಿ8.2-ಜಿಡಿ' ಕೊಟ್ಟು ಡಿಪೆಂಡ್ಸ್ ಸಾಲು (ಇದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳು, ಅಂದರೆ ಡಿಪೆಂಡೆನ್ಸಿಗಳು) ನೋಡಿ. ಅಲ್ಲಿ ಪಿಎಚ್‌ಪಿ8.2-ಕಾಮನ್ ಎಂಬುದರ ಮುಂದೆ ಬರೀ ಸಮ ಚಿಹ್ನೆ ಇರುತ್ತದೆ. 'ಇಷ್ಟು ಅಥವಾ ಇದಕ್ಕಿಂತ ಹೊಸದು' ಎಂದಲ್ಲ, 'ಇದೇ ವರ್ಷನ್, ಬೇರೆ ಆಗದು' ಎಂದು. ಜಿಡಿ, ಕಾಮನ್, ಎಫ್‌ಪಿಎಂ ಎಲ್ಲವೂ ಒಂದೇ ಸೋರ್ಸಿನಿಂದ ಒಟ್ಟಿಗೆ ಬಿಲ್ಡ್ ಆಗುವ ಪ್ಯಾಕೇಜುಗಳು. ಜಿಡಿ ಎನ್ನುವುದು ಪಿಎಚ್‌ಪಿಯ ಪ್ರಾಸೆಸ್ಸಿನ ಒಳಗೇ ಲೋಡ್ ಆಗುವ ಫೈಲು. ಅದೊಂದು 8.2.29, ಉಳಿದದ್ದು 8.2.28 ಎಂದು ಬಿಟ್ಟರೆ ಯಾವಾಗ ಕೈ ಕೊಡುತ್ತದೋ ಹೇಳಲಾಗುವುದಿಲ್ಲ. ಅದಕ್ಕೇ ಪ್ಯಾಕೇಜ್ ಮಾಡುವವರು ಅವನ್ನು ಒಂದಕ್ಕೊಂದು ಕಟ್ಟಿಹಾಕಿದ್ದಾರೆ.

ಹಾಗಾಗಿ ಆಪ್ಟ್ ಲೆಕ್ಕ ಹಾಕಿದ್ದು ಹೀಗೆ: ಜಿಡಿ ಬೇಕು. ಜಿಡಿಯ ಕ್ಯಾಂಡಿಡೇಟ್, ಅಂದರೆ ಈಗ ಹಾಕಿದರೆ ಬರುವ ವರ್ಷನ್, 8.2.29. ಅದಕ್ಕೆ ಕಾಮನ್ 8.2.29 ಬೇಕು. ಕಾಮನ್ ಏರಿದರೆ ಅದೇ ಹಳೇ ಕಾಮನ್ ಬೇಕು ಎನ್ನುತ್ತಿದ್ದ ಎಫ್‌ಪಿಎಂ, ಸಿಎಲ್‌ಐ ಕೂಡ ಏರಬೇಕು. ಒಂದು ಎಳೆ ಹಿಡಿದರೆ ಇಡೀ ಸಾಲು ಬರುತ್ತದೆ.

ಕ್ಯಾಂಡಿಡೇಟ್ ಯಾವುದು ಎಂದು ತೀರ್ಮಾನ ಆಗುವುದು ಇನ್‌ಸ್ಟಾಲ್ ಕೊಟ್ಟ ಗಳಿಗೆಯಲ್ಲಿ ಅಲ್ಲ, ಕೊನೇ ಸಲ 'ಆಪ್ಟ್ ಅಪ್‌ಡೇಟ್' ಆದಾಗ. ಅಪ್‌ಡೇಟ್ ಯಾವ ಪ್ಯಾಕೇಜನ್ನೂ ಮುಟ್ಟುವುದಿಲ್ಲ, ರೆಪೊಸಿಟರಿಯ (ಪ್ಯಾಕೇಜುಗಳ ಭಂಡಾರದ) ಪಟ್ಟಿಯನ್ನು /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ ಒಳಗೆ ತಂದಿಡುತ್ತದೆ. ನಿಮ್ಮಲ್ಲಿ ಅದು ತಾನಾಗಿ ಓಡುತ್ತಿದೆ ಅನ್ನಿಸುತ್ತದೆ. ಪಟ್ಟಿ ಹೊಸದು, ಪ್ಯಾಕೇಜು ಹಳೇದು. ಈ ಅಂತರ ಇರುವಾಗ ಇನ್‌ಸ್ಟಾಲ್ ಕೊಟ್ಟರೆ ಹೀಗೆಯೇ ಆಗುವುದು.

ಬಯಲುಸೀಮೆ
ತಾಂತ್ರಿಕವಾಗಿ ಸರಿ ಇರಬಹುದು, ಆದರೆ ನಾನು ಒಪ್ಪುವುದಿಲ್ಲ. ಓಡುತ್ತಿರುವ ಸರ್ವಿಸನ್ನು ರೀಸ್ಟಾರ್ಟ್ ಮಾಡುವಂಥ ಕೆಲಸವನ್ನು ಇನ್‌ಸ್ಟಾಲ್ ಎಂಬ ಕಮಾಂಡ್ ಮಾಡಲೇಬಾರದು. ಪೈಥಾನ್ ಲೈಬ್ರರಿ ಹಾಕುವ ಪಿಪ್ ನೋಡಿ. ಲೈಬ್ರರಿ ಆಗಲೇ ಇದ್ದರೆ 'ಆಗಲೇ ಇದೆ' ಎಂದು ಹೇಳಿ ಸುಮ್ಮನಾಗುತ್ತದೆ. ಹೊಸದು ಬೇಕೆಂದರೆ ನೀವೇ -ಯು ಹಾಕಬೇಕು. ಅದು ಮರ್ಯಾದೆ.

ಕಪ್ಪುಪರದೆ
ಪಿಪ್ ಮೊದಲು ಹಾಗಿರಲಿಲ್ಲ ಗುರು. -ಯು ಹಾಕಿದರೆ ಆ ಲೈಬ್ರರಿಯ ಎಲ್ಲ ಡಿಪೆಂಡೆನ್ಸಿಗಳನ್ನೂ ಬೇಕೋ ಬೇಡವೋ ಕೇಳದೆ ಏರಿಸುತ್ತಿತ್ತು. 2018ರಲ್ಲಿ ಪಿಪ್ 10 ಬಂದ ಮೇಲೆ 'ಅಗತ್ಯ ಇದ್ದರೆ ಮಾತ್ರ' ಎಂದು ಬದಲಾಯಿತು.

ಸಹ್ಯಾದ್ರಿ_ಸಿಸ್ಟಂ
ಬಯಲುಸೀಮೆಯವರೇ, ಪಿಪ್ ಕೂಡ ಸಮ ಚಿಹ್ನೆಯ ಡಿಪೆಂಡೆನ್ಸಿ ಕಂಡರೆ ಇದನ್ನೇ ಮಾಡುತ್ತದೆ. ಹೊಸ ಲೈಬ್ರರಿಗೆ ಇಂಥದೇ ವರ್ಷನ್ ಬೇಕು ಎಂದಿದ್ದರೆ ಹಳೇದನ್ನು ತೆಗೆದು ಅದನ್ನು ಹಾಕುತ್ತದೆ. -ಯು ಬೇಕಾಗುವುದೇ ಇಲ್ಲ. ವ್ಯತ್ಯಾಸ ಇರುವುದು ನೀವು ಹೆಸರು ಹೇಳಿದ ಪ್ಯಾಕೇಜು ಆಗಲೇ ಇದ್ದಾಗ. ಪಿಪ್ ಬಿಟ್ಟುಬಿಡುತ್ತದೆ, ಆಪ್ಟ್ ಕ್ಯಾಂಡಿಡೇಟಿಗೆ ಏರಿಸುತ್ತದೆ. 'ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್-ಇಎಸ್ಆರ್' ಎಂದು ಇರುವ ಪ್ಯಾಕೇಜಿಗೆ ಕೊಟ್ಟು ನೋಡಿ, ಹೊಸದಿದ್ದರೆ ಏರುತ್ತದೆ.

ಮಲ್ಲಿಗೆಹಂಬು
ಅಯ್ಯೋ ಇಷ್ಟಕ್ಕೆಲ್ಲ ಯಾಕೆ ಚರ್ಚೆ. --ನೋ-ಅಪ್‌ಗ್ರೇಡ್ ಅಂತ ಒಂದು ಆಪ್ಷನ್ ಇದೆ. ಹಾಕಿ, ಮುಗೀತು.

ಸಹ್ಯಾದ್ರಿ_ಸಿಸ್ಟಂ
ಮುಗಿಯುವುದಿಲ್ಲ. ಆ ಆಪ್ಷನ್ ತಡೆಯುವುದು ಕಮಾಂಡಿನಲ್ಲಿ ನೀವು ಹೆಸರಿಸಿದ, ಆಗಲೇ ಇರುವ ಪ್ಯಾಕೇಜುಗಳನ್ನು ಮಾತ್ರ. ಇಲ್ಲಿ ಹೆಸರಿಸಿದ್ದು ಜಿಡಿ, ಅದು ಇರಲೇ ಇಲ್ಲ. ಡಿಪೆಂಡೆನ್ಸಿಯಾಗಿ ಬಂದ ಕಾಮನ್, ಎಫ್‌ಪಿಎಂ ಅದರ ಲೆಕ್ಕಕ್ಕೆ ಬರುವುದಿಲ್ಲ. ಸ್ಕ್ರಿಪ್ಟಿನಲ್ಲಿ ಹತ್ತು ಪ್ಯಾಕೇಜಿನ ಪಟ್ಟಿ ಕೊಟ್ಟು 'ಇಲ್ಲದ್ದನ್ನು ಮಾತ್ರ ಹಾಕು' ಎನ್ನಬೇಕಾದಾಗ ಅದು ಉಪಯೋಗ. ಅದರ ಉಲ್ಟಾ --ಓನ್ಲಿ-ಅಪ್‌ಗ್ರೇಡ್, ಇದ್ದದ್ದನ್ನು ಮಾತ್ರ ಏರಿಸಿ ಇಲ್ಲದ್ದನ್ನು ಬಿಡುತ್ತದೆ.

ಇದರ ಜೊತೆಗೇ ಹೇಳಿಬಿಡುತ್ತೇನೆ, ತುಂಬಾ ಜನ 'ಆಪ್ಟ್ ಅಪ್‌ಗ್ರೇಡ್ ಎಂಜಿನ್‌ಎಕ್ಸ್' ಎಂದು ಕೊಡುತ್ತಾರೆ, ಎಂಜಿನ್‌ಎಕ್ಸ್ ಒಂದೇ ಏರುತ್ತದೆ ಅಂದುಕೊಂಡು. ಇಡೀ ಸಿಸ್ಟಮ್ಮೇ ಏರುತ್ತದೆ. ಒಂದೇ ಪ್ಯಾಕೇಜು ಏರಿಸಬೇಕಾದರೆ ಕೊಡಬೇಕಾದದ್ದು ಇನ್‌ಸ್ಟಾಲ್.

ಮಲ್ಲಿಗೆಹಂಬು
ಓ, ಹೆಸರಿಸಿದ್ದಕ್ಕೆ ಮಾತ್ರ ಅನ್ನುವುದು ಗೊತ್ತಿರಲಿಲ್ಲ. ಧನ್ಯವಾದ. ಹಾಗಾದರೆ ಪ್ಯಾಕೇಜನ್ನು ಇದ್ದ ವರ್ಷನ್ನಿನಲ್ಲೇ ಹಿಡಿದಿಡುವ ಹೋಲ್ಡ್? 'ಆಪ್ಟ್-ಮಾರ್ಕ್ ಹೋಲ್ಡ್ ಪಿಎಚ್‌ಪಿ8.2-ಕಾಮನ್'?

ಕಪ್ಪುಪರದೆ
ಹೋಲ್ಡ್ ಹಾಕಿ ಜಿಡಿ ಕೇಳಿದರೆ 'ಹೆಲ್ಡ್ ಬ್ರೋಕನ್ ಪ್ಯಾಕೇಜಸ್' ಎಂದು ಎರರ್ ಬಂದು ನಿಲ್ಲುತ್ತದೆ. ಏನೂ ಏರುವುದಿಲ್ಲ, ಜಿಡಿಯೂ ಸಿಗುವುದಿಲ್ಲ. ಆದರೂ ಕಾಲೇಜಿನಂಥ ಕಡೆ ಅದು ಒಳ್ಳೇದೇ. ಎರರ್ ಬಂದು ನಿಂತರೆ ಕೌಂಟರ್ ಓಡುತ್ತಿರುತ್ತದೆ.

ಘಟಪ್ರಭಾ
ಹಳೇ ವರ್ಷನ್ನಿನ ಜಿಡಿಯನ್ನೇ ಕೇಳಬಹುದಲ್ರಿ? ಪ್ಯಾಕೇಜಿನ ಹೆಸರು, ಸಮ ಚಿಹ್ನೆ, ವರ್ಷನ್.

ಸಹ್ಯಾದ್ರಿ_ಸಿಸ್ಟಂ
ಕೇಳಬಹುದು, ರೆಪೊಸಿಟರಿಯಲ್ಲಿ ಇನ್ನೂ ಇದ್ದರೆ. 'ಆಪ್ಟ್ ಪಾಲಿಸಿ ಪಿಎಚ್‌ಪಿ8.2-ಜಿಡಿ' ಕೊಟ್ಟರೆ ಮೇಲೆ ಈಗಿನದು, ಕ್ಯಾಂಡಿಡೇಟ್, ಕೆಳಗೆ ಸಿಗುವ ಎಲ್ಲ ವರ್ಷನ್ನುಗಳ ಟೇಬಲ್ ಬರುತ್ತದೆ. ಡೆಬಿಯನ್ ಸ್ಟೇಬಲ್‌ನಲ್ಲಿ ಕೆಲವೊಮ್ಮೆ ಎರಡು ಕಾಣುತ್ತವೆ, ಮುಖ್ಯ ರೆಪೊಸಿಟರಿಯ ಹಳೇದು ಒಂದು, ಸೆಕ್ಯುರಿಟಿ ರೆಪೊಸಿಟರಿಯ ಹೊಸದು ಒಂದು. ನಿಮ್ಮ ಕಾಮನ್ ವರ್ಷನ್ನಿಗೆ ಸರಿಯಾಗಿ ಹೊಂದುವ ಜಿಡಿ ಆ ಟೇಬಲ್ಲಿನಲ್ಲಿದ್ದರೆ ಅದನ್ನೇ ಹಾಕಬಹುದು. ಇಲ್ಲದಿದ್ದರೆ ಡೆಬಿಯನ್‌ನ ಸ್ನ್ಯಾಪ್‌ಶಾಟ್ ಸೈಟಿನಲ್ಲಿ ಹಳೇದೆಲ್ಲ ಇಟ್ಟಿರುತ್ತಾರೆ.

ಆದರೆ ಸೆಕ್ಯುರಿಟಿ ಪ್ಯಾಚ್ ಇರುವ ವರ್ಷನ್ ಬಿಟ್ಟು ಪ್ಯಾಚ್ ಇಲ್ಲದ್ದನ್ನು ಹುಡುಕಿ ಹಾಕುವುದು ದುಡ್ಡಿನ ವ್ಯವಹಾರ ಇರುವ ಸರ್ವರಿನಲ್ಲಿ ನನಗೆ ಸರಿ ಕಾಣುವುದಿಲ್ಲ.

ತುಂಗಾತೀರ
ಅಪ್‌ಗ್ರೇಡ್ ಬೇಡವೇ ಬೇಡ ಅನ್ನುತ್ತಿಲ್ಲ ಸರ್. ರಾತ್ರಿ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆಗುತ್ತದೆ ಎಂದು ಮೊದಲೇ ತಿಳಿಯಬೇಕು, ನನ್ನ ತಕರಾರು ಅದು.

ಸಹ್ಯಾದ್ರಿ_ಸಿಸ್ಟಂ
ತಿಳಿಯುತ್ತದೆ. -ಎಸ್ ಹಾಕಿ ಓಡಿಸಿ: 'ಆಪ್ಟ್-ಗೆಟ್ -ಎಸ್ ಇನ್‌ಸ್ಟಾಲ್ ಪಿಎಚ್‌ಪಿ8.2-ಜಿಡಿ'. ಬರೀ ಲೆಕ್ಕ ತೋರಿಸುತ್ತದೆ, ಏನೂ ಬದಲಾಯಿಸುವುದಿಲ್ಲ. ಸುಡೊ (ಅಡ್ಮಿನ್ ಅಧಿಕಾರ) ಕೂಡ ಬೇಕಿಲ್ಲ. ಅದರಲ್ಲಿ 'ಇನ್‌ಸ್ಟ್' ಎಂದು ಶುರುವಾಗುವ ಸಾಲುಗಳನ್ನು ನೋಡಿ. ಹೆಸರಿನ ಮುಂದೆ ಚೌಕ ಬ್ರಾಕೆಟ್ಟಿನಲ್ಲಿ ಒಂದು ವರ್ಷನ್ ಇದ್ದರೆ ಆ ಪ್ಯಾಕೇಜು ಆಗಲೇ ಇದೆ, ಅಂದರೆ ಅದು ಅಪ್‌ಗ್ರೇಡ್. ಚೌಕ ಬ್ರಾಕೆಟ್ ಇಲ್ಲದೆ ನೇರ ದುಂಡು ಬ್ರಾಕೆಟ್ ಬಂದರೆ ಹೊಸದು. 'ರೆಮ್‌ವಿ' ಎಂದಿದ್ದರೆ ತೆಗೆದುಹಾಕುತ್ತದೆ, ಅಲ್ಲಿ ನಿಂತು ಯೋಚನೆ ಮಾಡಿ. ನಿಮ್ಮ ಕೇಸಿನಲ್ಲಿ ಎಫ್‌ಪಿಎಂ ಸಾಲಿನ ಮುಂದೆ ಚೌಕ ಬ್ರಾಕೆಟ್ಟಿನಲ್ಲಿ 8.2.28 ಕಾಣುತ್ತಿತ್ತು. ಅದೊಂದೇ ಸಾಲು ಸಾಕಿತ್ತು ಸಂಜೆಗೆ ಮುಂದೂಡಲು.

ಇನ್ನೊಂದು. -ವೈ ಇಲ್ಲದಿದ್ದರೆ ಆಪ್ಟ್ ತಾನಾಗಿ ನಿಲ್ಲುತ್ತಿತ್ತು. ನೀವು ಹೆಸರಿಸಿದ್ದಕ್ಕಿಂತ ಜಾಸ್ತಿ ಏನಾದರೂ ಬದಲಾಗುವುದಿದ್ದರೆ ಪಟ್ಟಿ ತೋರಿಸಿ ಹೌದಾ ಇಲ್ವಾ ಎಂದು ಕೇಳುತ್ತದೆ. ಓಡುತ್ತಿರುವ ಸರ್ವರಿಗೆ -ವೈ ಇರುವ ಸ್ಕ್ರಿಪ್ಟ್ ಕಳಿಸುವುದು ತಪ್ಪು, ಅದನ್ನು ಬರೆದವರಿಗೆ ಖಂಡಿತ ಹೇಳಿ.

ಬಯಲುಸೀಮೆ
ಇದನ್ನೇ ನಾನೂ ಹೇಳುತ್ತಿರುವುದು! ಕೇಳುವ ಪ್ರಶ್ನೆಯನ್ನು -ವೈ ನುಂಗಿಬಿಡುತ್ತದೆ. 'ಹೊಸದನ್ನು ಹಾಕಲು ಒಪ್ಪಿಗೆ', 'ಇದ್ದದ್ದನ್ನು ಬದಲಿಸಲು ಒಪ್ಪಿಗೆ' ಎರಡೂ ಬೇರೆ ಬೇರೆ ಇರಬೇಕಿತ್ತು. ಎರಡಕ್ಕೂ ಒಂದೇ -ವೈ ಕೊಟ್ಟಿದ್ದು ಸರಿಯಲ್ಲ.

ಕಪ್ಪುಪರದೆ
ಇದು ಒಪ್ಪುವಂಥ ಮಾತು.

ರಾಗಿಮುದ್ದೆ_ಡೆವ್
ಆಪ್ಟ್ 3.0 ಇರುವ ಡೆಬಿಯನ್ 13ಕ್ಕೆ ಬನ್ನಿ. ಅದರಲ್ಲಿ ಪಟ್ಟಿ ಕಾಲಂಗಳಲ್ಲಿ ನೀಟಾಗಿ ಬರುತ್ತದೆ, ತೆಗೆದುಹಾಕುವುದು ಕೆಂಪು ಬಣ್ಣದಲ್ಲಿ. ಮೊದಲಿನ ಒತ್ತೊತ್ತಾದ ಪ್ಯಾರಾ ಓದುವುದಕ್ಕಿಂತ ಎಷ್ಟೋ ವಾಸಿ.

ಘಟಪ್ರಭಾ
ಪಟ್ಟಿ ಹಳೇದಿದ್ದರೂ ತ್ರಾಸು ಐತ್ರಿ, ಅದನ್ನೂ ಹೇಳಬೇಕು. ನಮ್ಮಲ್ಲಿ ಡಾಕರ್ (ಸಾಫ್ಟ್‌ವೇರನ್ನು ಬೇಕಾದದ್ದರ ಸಮೇತ ಕಟ್ಟಿಡುವ ಸಾಧನ) ಇಮೇಜ್ ಬಿಲ್ಡ್ ಮಾಡುವಾಗ 404, ಅಂದರೆ ಫೈಲ್ ಸಿಗಲಿಲ್ಲ ಎಂಬ ಎರರ್, ಬರುತ್ತಿತ್ತು. ಡಾಕರ್‌ಫೈಲಿನಲ್ಲಿ ಅಪ್‌ಡೇಟ್ ಒಂದು ರನ್ ಸಾಲು, ಇನ್‌ಸ್ಟಾಲ್ ಇನ್ನೊಂದು ರನ್ ಸಾಲು. ಡಾಕರ್ ಮೊದಲನೇ ಸಾಲಿನ ಲೇಯರನ್ನು ಕ್ಯಾಶ್‌ನಿಂದ ಎತ್ತಿಕೊಳ್ಳುತ್ತದೆ, ಯಾಕಂದರೆ ಆ ಸಾಲು ಬದಲಾಗಿಲ್ಲ. ಒಳಗಿನ ಪಟ್ಟಿ ತಿಂಗಳುಗಟ್ಟಲೆ ಹಳೇದು. ಅದರಲ್ಲಿರುವ ವರ್ಷನ್ ಮಿರರಿನಿಂದ (ರೆಪೊಸಿಟರಿಯ ನಕಲು ಇರುವ ಸರ್ವರಿನಿಂದ) ಯಾವಾಗಲೋ ತೆಗೆದುಹಾಕಿರುತ್ತಾರೆ. ಎರಡನ್ನೂ ಒಂದೇ ರನ್ ಒಳಗೆ 'ಮತ್ತು ಮತ್ತು' ಚಿಹ್ನೆ ಹಾಕಿ ಜೋಡಿಸಿದ ಮೇಲೆ ನಿಂತಿತು.

ರಾಗಿಮುದ್ದೆ_ಡೆವ್
ಹೌದು, ಡಾಕರ್‌ನವರೂ ಹಾಗೇ ಮಾಡಿ ಎಂದು ಬರೆದಿದ್ದಾರೆ. ಕೊನೆಗೆ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ ಒಳಗಿನದನ್ನು ಅದೇ ರನ್ನಿನಲ್ಲಿ ಅಳಿಸಿದರೆ ಇಮೇಜೂ ಸಣ್ಣದಾಗುತ್ತದೆ.

ಬಿಲ್ಲು_ಬಾಣ
ಆರ್ಚ್ ಲಿನಕ್ಸ್ ಬಳಸುವವರ ಮಾತೂ ಕೇಳಿ. ಅಲ್ಲಿ ಪಟ್ಟಿ ಮಾತ್ರ ಹೊಸದು ಮಾಡಿ ಒಂದು ಪ್ಯಾಕೇಜು ಹಾಕಿಕೊಳ್ಳುವ 'ಪ್ಯಾಕ್‌ಮ್ಯಾನ್ -ಎಸ್‌ವೈ' ಪದ್ಧತಿಗೆ ಸಪೋರ್ಟೇ ಇಲ್ಲ. ಅರ್ಧ ಸಿಸ್ಟಂ ಹೊಸದು, ಅರ್ಧ ಹಳೇದು ಆಗಿ ಲೈಬ್ರರಿಗಳು ಹೊಂದುವುದಿಲ್ಲ. ಹಾಕುವುದಿದ್ದರೆ -ಎಸ್‌ವೈಯು, ಅಂದರೆ ಎಲ್ಲವೂ ಒಟ್ಟಿಗೆ. ಡೆಬಿಯನ್‌ನವರು ಆ ಸಮ ಚಿಹ್ನೆ ಹಾಕಿ ಬೇಕಾದಷ್ಟನ್ನೇ ಏರಿಸುತ್ತಾರಲ್ಲ, ಅದೇ ಪುಣ್ಯ ಎನ್ನಿ.

ಸಹ್ಯಾದ್ರಿ_ಸಿಸ್ಟಂ
ತುಂಗಾತೀರ ಸರ್, ನಿಮ್ಮ ಸರ್ವರಿಗೆ ನನ್ನ ಸಲಹೆ ಬೇರೆ. 8.2.29 ರೆಪೊಸಿಟರಿಗೆ ಬಂದಿದ್ದರೂ ನಿಮ್ಮಲ್ಲಿ ಹಾಕದೆ ಉಳಿದಿತ್ತಲ್ಲ, ಮೊದಲು ಅದನ್ನು ಸರಿ ಮಾಡಿ. ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಹಾಕಿಕೊಳ್ಳಿ. ಸೆಕ್ಯುರಿಟಿ ಅಪ್‌ಡೇಟುಗಳನ್ನು ತಾನಾಗಿ ಹಾಕುತ್ತದೆ. ಅದನ್ನು ಓಡಿಸುವ ಸಿಸ್ಟಂಡಿ ಟೈಮರ್ 'ಆಪ್ಟ್-ಡೈಲಿ-ಅಪ್‌ಗ್ರೇಡ್'. ಬೆಳಿಗ್ಗೆ 6ರಿಂದ 7ರೊಳಗೆ ಯಾವಾಗಲಾದರೂ ಓಡುತ್ತದೆ. ಕಾಲೇಜು ಆಗ ತೆರೆದಿರುವುದಿಲ್ಲ. ಇನ್ನೂ ಬೇಗ ಬೇಕಾದರೆ 'ಸಿಸ್ಟಂಸಿಟಿಎಲ್ ಎಡಿಟ್' ಕೊಟ್ಟು ಸಮಯ ಬದಲಿಸಿ. ಪ್ಯಾಕೇಜುಗಳು ದಿನಾ ಹೊಸದಾಗಿದ್ದರೆ ಹಗಲಿನಲ್ಲಿ ಇನ್‌ಸ್ಟಾಲ್ ಕೊಟ್ಟಾಗ ಏರಿಸುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.

ಬಯಲುಸೀಮೆ
ತಾನಾಗಿ ಅಪ್‌ಗ್ರೇಡಾ? ನಾನಂತೂ ಹಾಕುವುದಿಲ್ಲ. ಪರೀಕ್ಷೆ ಮಾಡದೆ ಯಾವುದನ್ನೂ ಪ್ರೊಡಕ್ಷನ್ನಿಗೆ ಬಿಡಬಾರದು. ಇನ್ನೊಂದು ಮಷಿನ್ನಿನಲ್ಲಿ ಹಾಕಿ ನೋಡಿ, ಆಮೇಲೆ ಇಲ್ಲಿ.

ಸಹ್ಯಾದ್ರಿ_ಸಿಸ್ಟಂ
ಇನ್ನೊಂದು ಮಷಿನ್ನು, ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯ, ಎರಡೂ ಇರುವ ಕಡೆ ನೀವು ಹೇಳುವುದು ಸರಿ. ಪಾಠ ಮಾಡುವವರೇ ಸರ್ವರನ್ನೂ ನೋಡಿಕೊಳ್ಳುವ ಕಾಲೇಜಿನಲ್ಲಿ 'ಆಮೇಲೆ ಪರೀಕ್ಷೆ ಮಾಡಿ ಹಾಕೋಣ' ಎಂದರೆ ಅದು ಯಾವತ್ತೂ ಆಗುವುದಿಲ್ಲ. ಡೆಬಿಯನ್ ಸ್ಟೇಬಲ್‌ನಲ್ಲಿ 8.2ರಿಂದ 8.3ಕ್ಕೆ ಹಾರುವುದಿಲ್ಲ, ಒಂದೇ ಸಾಲಿನ ಸಣ್ಣ ತಿದ್ದುಪಡಿಗಳು ಮಾತ್ರ ಬರುತ್ತವೆ. ಆ ಅಪಾಯಕ್ಕಿಂತ ಪ್ಯಾಚ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿಡುವ ಅಪಾಯ ದೊಡ್ಡದು.

ಕಪ್ಪುಪರದೆ
ಅಪ್‌ಗ್ರೇಡ್ ಆದರೂ ರೀಸ್ಟಾರ್ಟ್ ಬೇಡ ಎನ್ನುವವರಿಗೆ: /ಯುಎಸ್ಆರ್/ಎಸ್‌ಬಿನ್/ಪಾಲಿಸಿ-ಆರ್‌ಸಿ.ಡಿ ಎಂದು ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟು ಅದು 101 ರಿಟರ್ನ್ ಮಾಡುವ ಹಾಗೆ ಮಾಡಿ. ಪ್ಯಾಕೇಜುಗಳು ಸರ್ವಿಸ್ ಮುಟ್ಟುವುದಿಲ್ಲ. ಕೆಲಸ ಆದ ತಕ್ಷಣ ಆ ಫೈಲ್ ತೆಗೆದುಹಾಕಿ, ಅವತ್ತೇ ಸಂಜೆ ರೀಸ್ಟಾರ್ಟ್ ಮಾಡಿ. ಡಿಸ್ಕಿನಲ್ಲಿ ಹೊಸ ಫೈಲು, ಮೆಮೊರಿಯಲ್ಲಿ ಹಳೇ ಪ್ರಾಸೆಸ್, ಇದು ಜಾಸ್ತಿ ಹೊತ್ತು ಇರಬಾರದು.

ಮಲ್ಲಿಗೆಹಂಬು
ಹೊಸದು ಸರಿ ಬರಲಿಲ್ಲ ಎಂದರೆ ಹಿಂದಕ್ಕೆ ಹೋಗುವುದು ಹೇಗೆ?

ಕಪ್ಪುಪರದೆ
ಮೊದಲು ಹಿಸ್ಟರಿ.ಲಾಗ್‌ನಲ್ಲಿ ಹಳೇ ವರ್ಷನ್ ನಂಬರ್ ನೋಡಿಕೊಳ್ಳಿ. ಆಪ್ಟ್-ಗೆಟ್ ಬಳಸುತ್ತಿದ್ದರೆ ಡೌನ್‌ಲೋಡ್ ಆದ ಡೆಬ್ ಫೈಲುಗಳು /ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್ ಒಳಗೆ ಉಳಿದಿರುತ್ತವೆ, ಯಾರೂ ಕ್ಲೀನ್ ಮಾಡದಿದ್ದರೆ. ಬರೀ ಆಪ್ಟ್ ಬಳಸಿದರೆ ಹಾಕಿ ಮುಗಿದ ಮೇಲೆ ಅಳಿಸಿಬಿಡುತ್ತದೆ. ಇಲ್ಲದಿದ್ದರೆ ಮೇಲೆ ಹೇಳಿದ ಸ್ನ್ಯಾಪ್‌ಶಾಟ್ ಸೈಟೇ ಗತಿ. ಪಿಎಚ್‌ಪಿಯಂಥದ್ದನ್ನು ಇಳಿಸುವಾಗ ಅದೇ ಸಮ ಚಿಹ್ನೆಯ ಕಾರಣಕ್ಕೆ ಎಲ್ಲ ಪ್ಯಾಕೇಜುಗಳನ್ನೂ ಒಂದೇ ಕಮಾಂಡಿನಲ್ಲಿ ವರ್ಷನ್ ಸಮೇತ ಕೊಡಬೇಕು.

ಪುಸ್ತಕದಹುಳು
ಎಲ್ಲ ಓದಿ ಭಯ ಆಯಿತು. ನಾನು ಲೈಬ್ರರಿಯನ್. ನಮ್ಮಲ್ಲಿ ಕೋಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಇದೆ, ಅದೂ ಡೆಬಿಯನ್ ಮೇಲೆಯೇ. ಅದೇ ಮಷಿನ್ನಿನಲ್ಲಿ ಕನ್ನಡ ಕ್ಯಾಟಲಾಗ್ ನೋಡಲು ಗುಬ್ಬಿ ಮತ್ತು ನವಿಲು ಫಾಂಟ್ ಬೇಕು. 'ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ' ಕೊಟ್ಟರೆ ಕೋಹಾ ಕೂಡ ಏರಿಬಿಡುತ್ತದೆಯಾ?

ಸಹ್ಯಾದ್ರಿ_ಸಿಸ್ಟಂ
ಇಲ್ಲ ಮೇಡಂ, ಧೈರ್ಯವಾಗಿ ಹಾಕಿ. ಇನ್‌ಸ್ಟಾಲ್ ಕೊಟ್ಟ ಮಾತ್ರಕ್ಕೆ ಎಲ್ಲವೂ ಏರುವುದಿಲ್ಲ. ಆಗಲೇ ಇರುವ ಪ್ಯಾಕೇಜಿನಿಂದ ಡಿಪೆಂಡೆನ್ಸಿ ಈಡೇರುತ್ತಿದ್ದರೆ ಆಪ್ಟ್ ಅದನ್ನು ಹಾಗೇ ಬಿಡುತ್ತದೆ, ಹೊಸದು ಸಿಗುತ್ತಿದ್ದರೂ ಸಹ. ಫಾಂಟಿಗೂ ಕೋಹಾಗೂ ಯಾವ ಸಂಬಂಧವೂ ಇಲ್ಲ. ಒಂದು ಸಲ -ಎಸ್ ಹಾಕಿ ನೋಡಿದರೆ ನಿಮಗೇ ಕಾಣುತ್ತದೆ, ಒಂದೇ 'ಇನ್‌ಸ್ಟ್' ಸಾಲು ಬರಬೇಕು.

ಪುಸ್ತಕದಹುಳು
ಒಂದೇ ಸಾಲು ಬಂತು. ಹಾಕಿದೆ, ಅಕ್ಷರ ಚೆನ್ನಾಗಿ ಕಾಣುತ್ತಿದೆ. ತುಂಬಾ ಧನ್ಯವಾದ ಸರ್. ಆದರೆ ಕೆಳಗೆ 'ನಾಟ್ ಅಪ್‌ಗ್ರೇಡೆಡ್' ಅಂತ ದೊಡ್ಡ ಸಂಖ್ಯೆ ತೋರಿಸುತ್ತಿದೆ. ಆಪ್ಟ್ ಅಪ್‌ಗ್ರೇಡ್ ಕೊಟ್ಟುಬಿಡಲಾ?

ಕಪ್ಪುಪರದೆ
ಮೇಡಂ ಸ್ವಲ್ಪ ತಡೆಯಿರಿ. ಕೋಹಾ ರೆಪೊಸಿಟರಿಯ ಸಾಲಿನಲ್ಲಿ 'ಸ್ಟೇಬಲ್' ಎಂದಿದೆಯಾ ಅಥವಾ 24.11ರ ಥರ ನಂಬರ್ ಇದೆಯಾ ನೋಡಿ. /ಇಟಿಸಿ/ಆಪ್ಟ್/ಸೋರ್ಸಸ್.ಲಿಸ್ಟ್.ಡಿ ಒಳಗೆ ಸಿಗುತ್ತದೆ.

ಪುಸ್ತಕದಹುಳು
ಸ್ಟೇಬಲ್ ಎಂದಿದೆ.

ಕಪ್ಪುಪರದೆ
ಹಾಗಾದರೆ ಈಗ ಕೊಡಬೇಡಿ. ಕೋಹಾದವರು ಹೊಸ ರಿಲೀಸನ್ನು ಸ್ಟೇಬಲ್ ಮಾಡಿದ ದಿನದಿಂದ ಅದೇ ಸಾಲು ಹೊಸ ರಿಲೀಸಿಗೆ ತೋರಿಸುತ್ತದೆ. ಅಪ್‌ಗ್ರೇಡ್ ಕೊಟ್ಟರೆ ಕೋಹಾ-ಕಾಮನ್ ಏರಿ ಡೇಟಾಬೇಸಿನ ಟೇಬಲ್ಲುಗಳೂ ಬದಲಾಗುತ್ತವೆ. ಒಮ್ಮೆ ಬದಲಾದರೆ ಹಳೇ ಪ್ಯಾಕೇಜು ಹಾಕಿದರೂ ಟೇಬಲ್ ಹಿಂದಕ್ಕೆ ಬರುವುದಿಲ್ಲ, ಬ್ಯಾಕಪ್ ಒಂದೇ ದಾರಿ. ಈಗ 'ಆಪ್ಟ್-ಮಾರ್ಕ್ ಹೋಲ್ಡ್ ಕೋಹಾ-ಕಾಮನ್' ಕೊಟ್ಟು ಆಮೇಲೆ ಅಪ್‌ಗ್ರೇಡ್ ಮಾಡಿ, ಉಳಿದದ್ದು ಏರುತ್ತದೆ. ಅದಕ್ಕೂ ಮೊದಲು ಡೇಟಾಬೇಸ್ ಡಂಪ್ ತೆಗೆದು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ.

ಸಹ್ಯಾದ್ರಿ_ಸಿಸ್ಟಂ
ಹೋಲ್ಡ್ ಹಾಕಿ ಮರೆತುಬಿಡಬೇಡಿ ಮೇಡಂ, ಕೋಹಾದ ಸೆಕ್ಯುರಿಟಿ ತಿದ್ದುಪಡಿಗಳೂ ನಿಲ್ಲುತ್ತವೆ. ಈಗ ಯಾವ ರಿಲೀಸ್ ಇದೆ ಎಂದು 'ಆಪ್ಟ್ ಪಾಲಿಸಿ ಕೋಹಾ-ಕಾಮನ್' ಕೊಟ್ಟು ನೋಡಿ, ಸ್ಟೇಬಲ್ ಎಂಬಲ್ಲಿ ಆ ರಿಲೀಸಿನ ನಂಬರ್ ಬರೆಯಿರಿ, ಆಪ್ಟ್ ಅಪ್‌ಡೇಟ್ ಕೊಡಿ. ಮತ್ತೆ ಪಾಲಿಸಿ ನೋಡಿದಾಗ ಕ್ಯಾಂಡಿಡೇಟ್ ಅದೇ ಸಾಲಿನದ್ದು ಬಂದಿದ್ದರೆ 'ಆಪ್ಟ್-ಮಾರ್ಕ್ ಅನ್‌ಹೋಲ್ಡ್' ಮಾಡಬಹುದು. ಸಣ್ಣ ತಿದ್ದುಪಡಿಗಳು ಬರುತ್ತವೆ, ದೊಡ್ಡ ರಿಲೀಸಿಗೆ ಹಾರುವುದಿಲ್ಲ. ದೊಡ್ಡದನ್ನು ಬೇಸಿಗೆ ರಜೆಯಲ್ಲಿ ಮಾಡಿಕೊಳ್ಳಿ. ಆ ಫೈಲಿನ ಸಾಲು ಇಲ್ಲಿ ಹಾಕಿದರೆ ಹೇಗೆ ಬರೆಯಬೇಕು ಎಂದು ನೋಡಿ ಹೇಳುತ್ತೇನೆ.